ನೀರು ಕುಡಿದದ್ದಕ್ಕೆ ಚಪ್ಪಾಳೆ

ಪಿಸು ಎಂಬುದು ಅವಳ ಹೆಸರಲ್ಲ, ಅವಳ ದನಿ. ಹುಟ್ಟಿದಾಗ ಇಟ್ಟ ಹೆಸರು ಸರ್ಟಿಫಿಕೇಟುಗಳ ನಡುವೆ ಬೆಚ್ಚಗೆ ಮಲಗಿತ್ತು. ಮನೆಯಲ್ಲೂ ಆಫೀಸಿನಲ್ಲೂ ಎಲ್ಲರೂ ಕರೆಯುತ್ತಿದ್ದದ್ದು ಪಿಸು ಎಂದೇ. ಬಸ್ಸಿನಲ್ಲಿ ಬಾಗಿಲಿಗೆ ಅಡ್ಡ ನಿಂತವರಿಗೆ "ಸ್ವಲ್ಪ ಜಾಗ ಬಿಡಿ" ಎನ್ನಲಾರದೆ ಮುಂದಿನ ಸ್ಟಾಪಿನವರೆಗೆ ಹೋಗಿ ಅಲ್ಲಿಂದ ನಡೆದು ಬರುತ್ತಿದ್ದಳು. ಅಂಗಡಿಯವನು ಕೇಳಿದ್ದು ಬಿಟ್ಟು ಬೇರೇನೋ ಕಟ್ಟಿಕೊಟ್ಟರೆ ಅದನ್ನೇ ಎದೆಗವಚಿಕೊಂಡು ಬಂದು, ತನಗೆ ಬೇಕಾಗಿದ್ದದ್ದೇ ಇದು ಎಂದು ಮನಸ್ಸಿಗೆ ಸಮಾಧಾನ ಹೇಳುತ್ತಿದ್ದಳು. ಹಾಗಾಗಿ ಅವಳ ಹತ್ತಿರ ಯಾರೂ ಕೊಳ್ಳದ ನೇರಳೆ ಬಣ್ಣದ ಕೊಡೆಗಳು ಒಂದಲ್ಲ, ಮೂರಿದ್ದವು.

ಇಂಥವಳು ಓದಿದ್ದು ಭಾಷಾಶಾಸ್ತ್ರ. ಪ್ರಬಂಧ ಬರೆದದ್ದು, ಜನ ಮಾತಾಡುತ್ತಾ ಮಾತಾಡುತ್ತಾ ನಡುವೆ ತಟಕ್ಕನೆ ಸುಮ್ಮನಾಗುತ್ತಾರಲ್ಲ, ಆ ಮೌನಗಳ ಮೇಲೆ. ಯಾರು ಎಲ್ಲಿ ನಿಲ್ಲಿಸುತ್ತಾರೆ, ನಿಲ್ಲಿಸಿದ ಮೇಲೆ ಏನು ಹೇಳುತ್ತಾರೆ ಎಂಬುದನ್ನು ಅವಳು ಮುಂಚಿತವಾಗಿ ಊಹಿಸಬಲ್ಲವಳಾಗಿದ್ದಳು. "ಮಾತಿನ ಶಾಸ್ತ್ರ ಓದ್ತೀನಿ ಅಂತ ಹೋದೋಳು ಮಾತಾಡದೇ ಇರೋದನ್ನ ಓದ್ಕೊಂಡು ಬಂದ್ಲು," ಎಂದು ಅಮ್ಮ ಬಂದವರೆದುರು ಹಣೆ ಚಚ್ಚಿಕೊಳ್ಳುತ್ತಿದ್ದಳು.

ಅಮ್ಮನ ಅಕ್ಕ, ಅಂದರೆ ಪಿಸುವಿನ ದೊಡ್ಡಮ್ಮ, ಇದಕ್ಕೆ ತದ್ವಿರುದ್ಧ. ದೊಡ್ಡಮ್ಮ ಮಹಡಿಯ ಮೇಲೆ ಸೀನಿದರೆ ಬೀದಿಯಲ್ಲಿ ಸೈಕಲ್ಲಿನವರು ಬ್ರೇಕು ಹಾಕುತ್ತಿದ್ದರು. ಅವಳು ದುಭಾಷಿ. ದೊಡ್ಡ ದೊಡ್ಡ ಸಭೆಗಳಲ್ಲಿ ಹಾಲಿನ ಹಿಂಭಾಗದ ಗಾಜಿನ ಪೆಟ್ಟಿಗೆಯಂಥ ಪುಟ್ಟ ಕೋಣೆಯಲ್ಲಿ ಕೂತು, ವೇದಿಕೆಯವರು ಗಡಿಯ ಆಚೆಯವರ ಭಾಷೆಯಲ್ಲಿ ಆಡಿದ್ದನ್ನು ಆ ಕ್ಷಣವೇ ಈಚೆಯವರ ಭಾಷೆಗೆ, ಈಚೆಯವರು ಆಡಿದ್ದನ್ನು ಆಚೆಯವರ ಭಾಷೆಗೆ ತಿರುಗಿಸಿ ಮೈಕಿನೊಳಗೆ ಹೇಳುವುದು ಅವಳ ಕಸುಬು. ಕೂದಲು ಕಪ್ಪಗಿದ್ದಾಗ ಸೇರಿದವಳು, ಈಗ ಬೆಳ್ಳಗಾಗಿ, ನಡುವೆ ಕೆಲಕಾಲ ಕೆಂಪಗೂ ಆಗಿ, ನಿವೃತ್ತಿಯ ಹೊಸ್ತಿಲಿಗೆ ಬಂದಿದ್ದಳು.

ಈ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ದುಭಾಷಿ "ಅವರು ಹೀಗೆ ಹೇಳುತ್ತಿದ್ದಾರೆ" ಎನ್ನುವ ಹಾಗಿಲ್ಲ. ಮಾತಾಡುವವನು "ನಾನು" ಎಂದರೆ ಇವಳೂ "ನಾನು" ಎನ್ನಬೇಕು. ಈ ಲೆಕ್ಕದಲ್ಲಿ ದೊಡ್ಡಮ್ಮ ಒಂದು ದಿನ ಮಂತ್ರಿಯಾಗಿ ರಾಜೀನಾಮೆ ಕೊಟ್ಟಿದ್ದಳು, ಮಾರನೆಯ ದಿನ ಮೀನುಗಾರನಾಗಿ ಹರಿದ ಬಲೆಗೆ ಪರಿಹಾರ ಕೇಳಿದ್ದಳು. ಒಮ್ಮೆ ಕೋರ್ಟಿನಲ್ಲಿ ಗಂಡನ ಮಾತನ್ನೂ ಹೆಂಡತಿಯ ಮಾತನ್ನೂ ತಾನೇ ಆಡಿ, ತನ್ನ ಜೊತೆ ತಾನೇ ಜಗಳ ತೆಗೆದು, ತನ್ನಿಂದ ತಾನೇ ವಿಚ್ಛೇದನ ಪಡೆದು ಮನೆಗೆ ಬಂದವಳು, "ಇವತ್ತು ನನ್ನ ಸಂಸಾರ ಮುರಿದು ಬಿತ್ತು ಕಣ್ರೀ, ಬೇಗ ಊಟ ಬಡಿಸಿ," ಎಂದು ದೊಡ್ಡಪ್ಪನಿಗೆ ಹೇಳಿದ್ದಳಂತೆ. ದೊಡ್ಡಪ್ಪ ಬಡಿಸಿದರಂತೆ. ಅಭ್ಯಾಸವಾಗಿತ್ತು ಅವರಿಗೆ.

ಪಿಸುವಿಗೆ ಈ ಕತೆಗಳೆಂದರೆ ಪ್ರಾಣ. ಬೇರೆಯವರ "ನಾನು" ಹಾಕಿಕೊಂಡರೆ ತನಗೂ ದನಿ ಬರಬಹುದೆಂದು ಅವಳಿಗೆ ಅನ್ನಿಸಿದ್ದು ಹಾಗೆ. ದೊಡ್ಡಮ್ಮನ ಆಫೀಸಿನಲ್ಲೇ ಅವಳಿಗೆ ಕೆಲಸ ಸಿಕ್ಕಿತ್ತು ನಿಜ, ಆದರೆ ಗಾಜಿನ ಪೆಟ್ಟಿಗೆಯಲ್ಲಲ್ಲ, ನೆಲಮಾಳಿಗೆಯ ಕಾಗದಪತ್ರಗಳ ಕೋಣೆಯಲ್ಲಿ. ಅಲ್ಲಿ ಅವಳು ಬಟ್ಟೆ ಒಗೆಯುವ ಯಂತ್ರಗಳ ಜೊತೆ ಬರುವ ಸೂಚನೆಯ ಪುಸ್ತಿಕೆಗಳನ್ನು ಅನುವಾದಿಸುತ್ತಿದ್ದಳು. "ಯಂತ್ರ ತಿರುಗುವಾಗ ಒಳಗೆ ಕೈ ಹಾಕಬೇಡಿ." "ಯಂತ್ರದೊಳಗೆ ಬೆಕ್ಕು ಇಲ್ಲವೆಂದು ಖಚಿತಪಡಿಸಿಕೊಳ್ಳಿ." ಇಡೀ ದಿನ ಬೆಕ್ಕು, ಬಕೆಟ್ಟು, ಸೋಪಿನ ನೊರೆ. ಗೋಡೆಯ ಮೇಲ್ಭಾಗದ ಕಿಟಕಿಯಲ್ಲಿ ಬೀದಿಯವರ ಪಾದಗಳಷ್ಟೇ ಕಾಣುತ್ತಿದ್ದವು.

ಈಗ ದೊಡ್ಡಮ್ಮನ ಕುರ್ಚಿ ಖಾಲಿಯಾಗುವುದರಲ್ಲಿತ್ತು. ಅದನ್ನು ಪಿಸುವಿಗೆ ಕೊಡಬಹುದೇ ಎಂದು ನೋಡಲು ಮುಖ್ಯಸ್ಥರು ಒಂದು ಅವಕಾಶ ಕೊಟ್ಟಿದ್ದರು: ಲಿಫ್ಟು ತಯಾರಕರ ದೊಡ್ಡ ಸಮ್ಮೇಳನ, ಬೆಳಗಿನ ಮೊದಲ ಭಾಷಣ. ಮುಖ್ಯಸ್ಥರು ಹಿಂದಿನ ಸಾಲಿನಲ್ಲಿ ಅನುವಾದ ಕೇಳುವ ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡು ಕೂರುವರು. ಗೆದ್ದರೆ ಗಾಜಿನ ಪೆಟ್ಟಿಗೆ. ಸೋತರೆ ಮತ್ತೆ ಬೆಕ್ಕು, ಬಕೆಟ್ಟು.

"ತಿಂಡಿ ತಿನ್ನೇ," ಎಂದಳು ಅಮ್ಮ ಆ ದಿನ ಬೆಳಿಗ್ಗೆ.

ಪಿಸು ತಲೆಯಾಡಿಸಿದಳು.

"ಬೇಡ ಅಂತ ಬಾಯಿ ಬಿಟ್ಟು ಹೇಳಿದ್ರೆ ಮುತ್ತು ಉದುರಿ ಹೋಗುತ್ತಾ? ಇವಳಂತೆ, ಭಾಷಣ ಮಾಡೋಳಂತೆ! ಅಲ್ಲಿ ಐನೂರು ಜನರ ಮುಂದೂ ಹೀಗೆ ತಲೆ ಅಲ್ಲಾಡಿಸ್ತೀಯೇನು?"

ಪಿಸು ಹೌದೂ ಅಲ್ಲವೂ ಅಲ್ಲದ ಹಾಗೆ ಇನ್ನೊಮ್ಮೆ ತಲೆಯಾಡಿಸಿ ಹೊರಟಳು.

ಭಾಷಣಕಾರರು ಆಚೆಯವರ ಸಂಘದ ಅಧ್ಯಕ್ಷರು. ಅವರ ಮುಖದ ಮುಕ್ಕಾಲು ಭಾಗ ಮೀಸೆಯೇ ಆಗಿದ್ದರಿಂದ ಎರಡೂ ಕಡೆಯವರು ಅವರನ್ನು ಮೀಸೆ ಯಜಮಾನರು ಎನ್ನುತ್ತಿದ್ದರು. ಭಾಷಣದ ಪ್ರತಿ ಪಿಸುವಿನ ಕೈಗೆ ಹಿಂದಿನ ದಿನವೇ ಬಂದಿತ್ತು. ಅವಳು ಅದನ್ನು ಸಾಲುಸಾಲಾಗಿ ಅನುವಾದಿಸಿ, ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸಿ ಆ ಸದ್ದಿನಲ್ಲಿ ಗಟ್ಟಿಯಾಗಿ ಓದಿ, ಬಾಯಿಪಾಠ ಮಾಡಿಬಿಟ್ಟಿದ್ದಳು. ಭಾಷಣದ ತುಂಬ ಹಗ್ಗದ ದಪ್ಪ, ಬ್ರೇಕಿನ ಬಿಗಿ, ಬಾಗಿಲಿನ ಅಗಲ. ನಡುವೆ ಒಂದೇ ಒಂದು ಪ್ಯಾರಾ ಮಾತ್ರ ಯಾರದೋ ಬೇರೆಯವರ ಭಾಷಣದಿಂದ ತಪ್ಪಿಸಿಕೊಂಡು ಬಂದಂತಿತ್ತು. ಅದನ್ನು ಮಾತ್ರ ಪಿಸು ನಲ್ಲಿ ನಿಲ್ಲಿಸಿ ಇನ್ನೊಮ್ಮೆ ಓದಿದ್ದಳು.

ಅದರ ಹಿಂದಿನ ಕತೆ ದೊಡ್ಡಮ್ಮನಿಗೆ ಗೊತ್ತಿತ್ತು. ಈಚೆಯವರ ಸಂಘದ ಅಧ್ಯಕ್ಷೆ ಒಬ್ಬ ಮುದುಕಿ, ಎಲ್ಲರ ಬಾಯಲ್ಲೂ ಲಿಫ್ಟಜ್ಜಿ. ಅವಳೂ ಮೀಸೆ ಯಜಮಾನರೂ ಚಿಕ್ಕ ವಯಸ್ಸಿನಲ್ಲಿ ಒಂದೇ ಶೆಡ್ಡಿನಲ್ಲಿ ಲಿಫ್ಟು ಕಟ್ಟಿದವರು. ಇವಳಿಗೆ ಅವರ ಭಾಷೆ ಬರದು, ಅವರಿಗೆ ಇವಳದು ಬರದು. ಸ್ಪ್ಯಾನರು, ಸ್ಕ್ರೂಡ್ರೈವರು ತೋರಿಸಿಕೊಂಡೇ ವರ್ಷಗಟ್ಟಲೆ ಕೆಲಸ ಮಾಡಿದ್ದರು. ಲಿಫ್ಟಿನೊಳಗೆ ಕನ್ನಡಿ ಬೇಕು ಎಂದು ಅಜ್ಜಿ, ದಂಡದ ಖರ್ಚು ಎಂದು ಮೀಸೆ. ಅದೊಂದಕ್ಕೆ ಕೈಸನ್ನೆ ಸಾಲಲಿಲ್ಲ. ಜಗಳವಾಗಿ ಶೆಡ್ಡು ಒಡೆದು ಎರಡಾಯಿತು. ಅಂದಿನಿಂದ ಒಬ್ಬರು ಇದ್ದ ಲಿಫ್ಟಿಗೆ ಇನ್ನೊಬ್ಬರು ಹತ್ತುತ್ತಿರಲಿಲ್ಲ, ಮೆಟ್ಟಿಲು ಹತ್ತುತ್ತಿದ್ದರು. ಲಿಫ್ಟು ತಯಾರಕರು!

"ನೋಡು ಪಿಸೂ," ಎಂದಳು ದೊಡ್ಡಮ್ಮ ಗಾಜಿನ ಪೆಟ್ಟಿಗೆಯ ಬಾಗಿಲು ಎಳೆದುಕೊಳ್ಳುತ್ತಾ. ಪೆಟ್ಟಿಗೆಯೊಳಗೆ ಎರಡು ಕುರ್ಚಿ, ಎರಡು ಮೈಕು, ಒಂದು ಹೂಜಿ ನೀರು, ದೊಡ್ಡಮ್ಮನ ಪೆಪ್ಪರ್‌ಮಿಂಟಿನ ಡಬ್ಬಿ. ಇಬ್ಬರಲ್ಲಿ ಒಬ್ಬರು ಉಸಿರೆಳೆದುಕೊಂಡರೆ ಇನ್ನೊಬ್ಬರು ಬಿಡಬೇಕು, ಅಷ್ಟೇ ಜಾಗ. "ಪೇಪರ್ ಕೈಲಿರಲಿ, ಆದ್ರೆ ಅದನ್ನ ನಂಬ್ಬೇಡ. ಪೇಪರಲ್ಲಿರೋದು ಆ ಮನುಷ್ಯ ನಿನ್ನೆ ಮನೇಲಿ ಕೂತು ಅಂದ್ಕೊಂಡಿದ್ದು. ಇವತ್ತು ಅವನ ಬಾಯಿ ಏನು ಹೇಳುತ್ತೋ ಅದು ಮಾತ್ರ ನಿಂದು. ತಿಳೀತಾ?"

ಪಿಸು ತಲೆಯಾಡಿಸಿದಳು. ದೊಡ್ಡಮ್ಮ ನಿಟ್ಟುಸಿರು ಬಿಟ್ಟು ಅವಳ ಬಾಯಿಗೆ ಒಂದು ಪೆಪ್ಪರ್‌ಮಿಂಟು ತುರುಕಿದಳು. ಮೈಕಿನ ಕೆಂಪು ದೀಪ ಹತ್ತಿತು.

ಮೊದಲ ವಾಕ್ಯ ಹೊರಬಿದ್ದಾಗ ಪಿಸುವೇ ಬೆಚ್ಚಿದಳು. ಯಾರದೀ ದನಿ? ತುಂಬಿದ, ನಿಧಾನವಾದ, ಮೀಸೆಯುಳ್ಳ ದನಿ! "ಮಾನ್ಯರೇ, ನಾನು ಈ ಕ್ಷೇತ್ರಕ್ಕೆ ಬಂದಾಗ ಲಿಫ್ಟುಗಳು ಆಳೆತ್ತರ ಹೋಗಿ ನಿಂತುಬಿಡುತ್ತಿದ್ದವು..." ಕೆಳಗೆ ಹಾಲಿನ ಎಡಭಾಗದಲ್ಲಿ ಈಚೆಯವರು ಕಿವಿಯ ಫೋನು ಒತ್ತಿಕೊಂಡು ಮೆಚ್ಚುಗೆಯಿಂದ ತಲೆದೂಗಿದರು. ತಾನು ಹೇಳಿದ್ದಕ್ಕೆ ಅಷ್ಟೊಂದು ತಲೆಗಳು! ಪಿಸುವಿಗೆ ನೆಲ ಕಾಲಿಗೆ ಸಿಗದಂತಾಯಿತು. ಮೀಸೆ ಯಜಮಾನರು ಪ್ರತಿಯಲ್ಲಿದ್ದದ್ದನ್ನು ಅಕ್ಷರ ಬಿಡದೆ ಓದುತ್ತಿದ್ದರು. ಅವರು ಬಾಗಿಲು ಎಂದರೆ ಇವಳು ಬಾಗಿಲು, ಅವರು ಬ್ರೇಕು ಎಂದರೆ ಇವಳು ಬ್ರೇಕು. ಕೆಲವೇ ನಿಮಿಷಗಳಲ್ಲಿ ಅವಳು ಕೇಳಿಸಿಕೊಳ್ಳುವುದನ್ನೇ ಬಿಟ್ಟು, ಬಾಯಿಪಾಠದ ಮೇಲೆ ಗಾಳಿಪಟದ ಹಾಗೆ ತೇಲತೊಡಗಿದಳು. ಪಕ್ಕದಲ್ಲಿ ಅಂಕಿಸಂಖ್ಯೆಗಳನ್ನು ಗೀಚಿ ಕೊಡುತ್ತಿದ್ದ ದೊಡ್ಡಮ್ಮನ ಪೆನ್ಸಿಲನ್ನು ಅವಳು ನೋಡಲೂ ಇಲ್ಲ.

ಆ ಪ್ಯಾರಾ ಹತ್ತಿರ ಬಂತು. ಮೀಸೆ ಯಜಮಾನರು ನಿಲ್ಲಿಸಿದರು. ಗ್ಲಾಸು ಎತ್ತಿಕೊಂಡರು. ಮೌನ.

ಮೌನಗಳಲ್ಲವೇ ಪಿಸು ಓದಿದ್ದು! ಇದು ಎಂಥ ಮೌನ ಎಂದು ಅವಳಿಗೆ ನೋಡಿದೊಡನೆ ಗೊತ್ತಾಯಿತು. ಎದೆ ತುಂಬಿ ಬಂದವನು ಹೇಳುವ ಮುಂಚೆ ತೆಗೆದುಕೊಳ್ಳುವ ಮೌನ. ಅದರ ಹಿಂದೆಯೇ ಏನು ಬರುತ್ತದೆಂಬುದು ಕೈಯಲ್ಲಿರುವ ಪ್ರತಿಯಲ್ಲೇ ಇದೆ. ಅವರು ನೀರು ಕುಡಿದು ಮುಗಿಸುವವರೆಗೆ ಕಾಯುವುದೇಕೆ? ಅವಳು ಹೊರಟೇಬಿಟ್ಟಳು.

"ಕನ್ನಡಿಯ ವಿಷಯದಲ್ಲಿ ನನ್ನದೇ ತಪ್ಪು. ಲಿಫ್ಟು ಹತ್ತುವವರಿಗೆ ಬೇಕಾದದ್ದು ವೇಗ ಎಂದು ನಾನು ಹಟ ಹಿಡಿದೆ. ಅವರಿಗೆ ಬೇಕಾದದ್ದು ತಲೆಗೂದಲು ಸರಿಮಾಡಿಕೊಳ್ಳಲು ಒಂದು ಗಳಿಗೆ ಎಂದು ಈ ಸಭೆಯಲ್ಲಿರುವ ಒಬ್ಬರು ಆಗಲೇ ಹೇಳಿದ್ದರು. ಅವರು ಶೆಡ್ಡು ಬಿಟ್ಟು ಹೋದ ಮೇಲೆ ನಾನು ಕಟ್ಟಿದ ಲಿಫ್ಟುಗಳೆಲ್ಲ ಬೇಗ ಬೇಗ ಮೇಲೆ ಹೋದವು. ಆದರೆ ಯಾರೂ ನಗುತ್ತಾ ಇಳಿಯಲಿಲ್ಲ. ಅವರು ಒಪ್ಪುವುದಾದರೆ ಮತ್ತೆ ಜೊತೆಯಾಗಿ ಕೆಲಸ ಮಾಡೋಣ."

ಹಾಲಿನ ಎಡಭಾಗ ಚಪ್ಪಾಳೆಯ ಮಳೆ ಸುರಿಸಿತು. ಯಾರೋ ಸಿಳ್ಳೆ ಹಾಕಿದರು. ಹಾಲಿನ ಬಲಭಾಗದಲ್ಲಿದ್ದ ಆಚೆಯವರು ಮುಖಮುಖ ನೋಡಿಕೊಂಡರು. ತಮ್ಮ ಅಧ್ಯಕ್ಷರು ಮಾಡಿದ್ದಾದರೂ ಏನು? ನೀರು ಕುಡಿದದ್ದು. ಅದಕ್ಕೆ ಇಷ್ಟು ಚಪ್ಪಾಳೆಯೇ? ಮೀಸೆ ಯಜಮಾನರಿಗೂ ಗಲಿಬಿಲಿಯಾಗಿ, ಮರ್ಯಾದೆಗೆ ಇನ್ನೊಂದು ಗುಟುಕು ಕುಡಿದರು. ಚಪ್ಪಾಳೆ ಇಮ್ಮಡಿಯಾಯಿತು. ಆಚೆಯವರಲ್ಲಿ ಇಬ್ಬರು ಮೂವರು, ಇದು ಈಚೆಯವರ ಪದ್ಧತಿಯೇ ಇರಬೇಕೆಂದುಕೊಂಡು, ತಮ್ಮ ತಮ್ಮ ಗ್ಲಾಸಿನ ನೀರನ್ನೂ ಎತ್ತಿ ಕುಡಿದರು.

ಮೀಸೆ ಯಜಮಾನರು ಗ್ಲಾಸು ಕೆಳಗಿಟ್ಟು, ಕಾಗದವನ್ನು ಮಗುಚಿ, ಹೇಳಿದರು: "ಈಗ ಹಗ್ಗದ ದಪ್ಪದ ವಿಷಯಕ್ಕೆ ಬರೋಣ."

ಪಿಸುವಿನ ಬಾಯಲ್ಲಿದ್ದ ಪೆಪ್ಪರ್‌ಮಿಂಟು ಕಲ್ಲಾಯಿತು. ಅವರು ಪ್ಯಾರಾ ಬಿಟ್ಟುಬಿಟ್ಟಿದ್ದರು. ಅದು ಎದೆ ತುಂಬಿದ ಮೌನವಲ್ಲ, ಎದೆಗಾರಿಕೆ ಕೈಕೊಟ್ಟವನ ಮೌನ.

ಮೊದಲ ಸಾಲಿನಲ್ಲಿ ಲಿಫ್ಟಜ್ಜಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಎದ್ದು ನಿಂತಿದ್ದಳು.

ದೊಡ್ಡಮ್ಮ ಮೈಕಿನ ಗುಂಡಿ ಒತ್ತಿ ದನಿ ನಿಲ್ಲಿಸಿದಳು. ನಗು ತಡೆಯಲಾರದೆ ಅವಳ ಹೊಟ್ಟೆಯ ಜೊತೆ ಮೇಜೂ ಕುಣಿಯುತ್ತಿತ್ತು. "ಅಯ್ಯೋ ನಿನ್ನ! ಅವನು ನೀರು ಕುಡಿಯೋಷ್ಟರಲ್ಲಿ ರಾಜಿ ಮಾಡ್ಸಿಬಿಟ್ಯಲ್ಲೇ! ಸರಿ, ಸರಿ, ಸರ್ಕೊ ಆಕಡೆ. ನನ್ನ ತಪ್ಪು ಅಂತ ಹೇಳ್ತೀನಿ. ನಾನು ಹೇಗೂ ಮನೆಗೆ ಹೋಗೋಳು, ನನ್ನೇನು ಮಾಡ್ತಾರೆ?"

ಪಿಸು ಹಿಂದಿನ ಸಾಲಿನತ್ತ ನೋಡಿದಳು. ಮುಖ್ಯಸ್ಥರಿಗೆ ಎರಡೂ ಭಾಷೆ ಬರುತ್ತಿತ್ತು. ಅವರ ಪೆನ್ನು ಕಾಗದದ ಮೇಲೆ ನಿಂತುಹೋಗಿತ್ತು. ದನಿ ದೊಡ್ಡಮ್ಮನದಲ್ಲವೆಂದು ಅವರಿಗೆ ತಿಳಿಯದಿರುತ್ತದೆಯೇ? ತಿಳಿದರೂ ದೊಡ್ಡಮ್ಮನ ಮುಖ ನೋಡಿ ಸುಮ್ಮನಿರಬಹುದು. ಕುರ್ಚಿ ಉಳಿಯಬಹುದು. ಆದರೆ ಅಲ್ಲಿ ಆ ಮುದುಕಿ ಮೀಸೆ ಯಜಮಾನರು ಆಡದೇ ಇದ್ದ ಮಾತನ್ನು ಆಡಿದರೆಂದುಕೊಂಡು, ಕೈ ಚಾಚುವಂತೆ ವೇದಿಕೆಯತ್ತ ಹೆಜ್ಜೆ ಇಡುತ್ತಿದ್ದಳು. ಇನ್ನು ನಾಲ್ಕು ಹೆಜ್ಜೆ ನಡೆದರೆ ಐನೂರು ಜನರೆದುರು ಅವಳ ಮಾನ ಹೋಗುತ್ತಿತ್ತು.

"ಬೇಡ ದೊಡ್ಡಮ್ಮ," ಎಂದಳು ಪಿಸು. ಗಟ್ಟಿಯಾಗಿಯೇ. ಗುಂಡಿ ಒತ್ತಿದಳು.

ದುಭಾಷಿ ತಪ್ಪಿದರೆ ಅದನ್ನು ಒಪ್ಪಿಕೊಳ್ಳಲೂ ಕಸುಬಿನಲ್ಲಿ ಕ್ರಮವಿದೆ. ಆ ಪೆಟ್ಟಿಗೆಯಲ್ಲಿ "ನಾನು" ಭಾಷಣಕಾರನ ಸೊತ್ತು. ದುಭಾಷಿ ತನ್ನನ್ನು ಬೇರೆ ಯಾರನ್ನೋ ಎಂಬಂತೆ ದುಭಾಷಿ ಎಂದೇ ಕರೆದುಕೊಳ್ಳಬೇಕು. "ದುಭಾಷಿಯ ತಪ್ಪು," ಎಂದಳು ಪಿಸು. "ಕನ್ನಡಿಯ ಬಗ್ಗೆ ಈಗ ಕೇಳಿದ ಮಾತನ್ನು ಭಾಷಣಕಾರರು ಆಡಿಲ್ಲ. ಅವರು ನೀರು ಕುಡಿದರು, ಅಷ್ಟೇ. ದುಭಾಷಿ ಅವರಿಗಿಂತ ಮುಂದೆ ಓಡಿಬಿಟ್ಟಳು. ದುಭಾಷಿ ಎಲ್ಲರ ಕ್ಷಮೆ ಕೇಳುತ್ತಾಳೆ."

ಹಾಲಿನ ಎಡಭಾಗದ ತಲೆಗಳೆಲ್ಲ ಗಾಜಿನ ಪೆಟ್ಟಿಗೆಯತ್ತ ಹೊರಳಿದವು. ಲಿಫ್ಟಜ್ಜಿ ನಿಂತಲ್ಲೇ ನಿಂತಳು. ಅಜ್ಜಿ ಪಕ್ಕದವನ ಮುಂದಿದ್ದ ಮೈಕು ಎಳೆದುಕೊಂಡು ಕೇಳಿದಳು:

"ಅವರು ಹೇಳಿಲ್ಲ ಅಂದ್ರೆ ಮತ್ತೆ ಯಾರು ಹೇಳಿದ್ದು? ಆ ಗಾಜಿನ ಪೆಟ್ಟಿಗೇಲಿ ಕೂತಿರೋ ಹುಡುಗಿಗೂ ನನಗೂ ಏನಮ್ಮ ಜಗಳ? ಅವಳ್ಯಾಕೆ ನನ್ನ ಜೊತೆ ಮತ್ತೆ ಕೆಲಸ ಮಾಡೋಣ ಅಂತಾಳೆ?"

ಇದನ್ನೂ, ಇದಕ್ಕೆ ಮುಂಚೆ ತಾನು ಒಪ್ಪಿಕೊಂಡ ತಪ್ಪನ್ನೂ ಪಿಸುವೇ ಆಚೆಯವರ ಭಾಷೆಗೆ ತಿರುಗಿಸಬೇಕಿತ್ತು. ಮುದುಕಿಯ ಒಡಕು ದನಿಯಲ್ಲಿ ತನ್ನನ್ನೇ ತಾನು ತರಾಟೆಗೆ ತೆಗೆದುಕೊಂಡಳು. "ಆ ಗಾಜಿನ ಪೆಟ್ಟಿಗೆಯ ಹುಡುಗಿಗೂ ನನಗೂ ಏನು ಜಗಳ?" ಎಂದಳು, ಕೋಪದಿಂದಲೇ. ಈಗ ಬಲಭಾಗದವರಿಗೂ ನೀರಿನ ಗುಟ್ಟು ಹೊಳೆದು, ಅಲ್ಲಿಂದ ನಗೆಯ ಅಲೆ ಎದ್ದಿತು.

ಮೀಸೆ ಯಜಮಾನರು ಮಗುಚಿದ್ದ ಹಾಳೆಯನ್ನು ಮತ್ತೆ ಇತ್ತ ಮಗುಚಿದರು. ಮೀಸೆ ಇಲ್ಲದ ಕಾಲು ಭಾಗ ಮುಖ ಟೊಮ್ಯಾಟೊ ಆಯಿತು.

"ಹುಡುಗೀದು ತಪ್ಪಿಲ್ಲ," ಎಂದರು. "ಬರೆದದ್ದು ನಾನೇ. ನಿನ್ನೆ ಬರೆಯುವಾಗ ಧೈರ್ಯ ಇತ್ತು. ಬೆಳಿಗ್ಗೆ ಮೀಸೆ ತಿದ್ದಿಕೊಳ್ಳುವಾಗಲೂ ಇತ್ತು. ಇಲ್ಲಿ ನಿಂತು ನಿಮ್ಮ ಮುಖ ನೋಡಿದೆ, ಹೋಯಿತು. ಅದಕ್ಕೇ ನೀರು ಕುಡಿದೆ."

ಪಿಸು ಈ ಸಲ ಅವರ ಬೆನ್ನ ಹಿಂದೆಯೇ, ಒಂದೊಂದೇ ಮಾತು, ಮೊಲ ಹಿಡಿಯಲು ಹೊರಟವಳ ಹಾಗೆ ಹೆಜ್ಜೆ ಎಣಿಸಿ ನಡೆದಳು.

"ಹಾಗಾದ್ರೆ ಈಗ ನಿಮ್ಮ ಬಾಯಲ್ಲೇ ಹೇಳಿ," ಎಂದಳು ಅಜ್ಜಿ. "ಬಾಡಿಗೆ ಬಾಯಲ್ಲಿ ಬೇಡ."

ಅವರು ಓದಿದರು. ಪಾಪ, ಬಿಡಿಭಾಗಗಳ ದರಪಟ್ಟಿ ಓದುವವರಂತೆ ಓದಿದರು. ಕನ್ನಡಿ, ತಪ್ಪು, ವೇಗ, ಶೆಡ್ಡು, ಎಲ್ಲಕ್ಕೂ ಒಂದೇ ದನಿ. ಪಿಸುವೂ ಹಾಗೆಯೇ ಹೇಳಿದಳು. ಅವರು ಕೆಮ್ಮಿದಲ್ಲಿ ಮಾತ್ರ ಕೆಮ್ಮಲಿಲ್ಲ. ಮುಗಿದ ಮೇಲೆ ಅಜ್ಜಿ ಕನ್ನಡಕವನ್ನು ಮತ್ತೆ ಮೂಗಿಗೇರಿಸಿಕೊಂಡಳು.

"ಮೊದಲನೇದೇ ಚೆನ್ನಾಗಿತ್ತು," ಎಂದಳು.

ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. "ಏನಂದಳು, ಏನಂದಳು?" ಎಂದು ಮೀಸೆ ಯಜಮಾನರು ಕಿವಿಯ ಫೋನು ತಟ್ಟಿಕೊಂಡರು. ಪಿಸು ಹೇಳಿದಳು. ಅವರೂ ನಕ್ಕರು, ಮೀಸೆಯ ಎರಡೂ ತುದಿ ಮೇಲೆದ್ದವು.

"ಹೋಗಲಿ, ಕನ್ನಡಿ ಹಾಕೋಣ," ಎಂದರು. "ಸೊಂಟದವರೆಗೆ."

"ಸೊಂಟದವರೆಗಾ? ಕಾಲಲ್ಲಿ ಚಪ್ಪಲಿ ಸರಿಯಾಗಿದ್ಯಾ ಅಂತ ಯಾರು ನೋಡ್ತಾರೆ, ನಿಮ್ಮಜ್ಜನಾ? ಪೂರ್ತಿ ಹಾಕಬೇಕು."

"ಪೂರ್ತಿ ಹಾಕಿದರೆ ಭಾರ ಎಷ್ಟಾಗುತ್ತೆ ಗೊತ್ತಾ ನಿನಗೆ?"

"ಅದಕ್ಕೇ ಅಲ್ವಾ ಹಗ್ಗದ ದಪ್ಪ! ಅಷ್ಟು ಹೊತ್ತಿಂದ ಮತ್ತೇನು ಓದ್ತಾ ಇದ್ದೆ?"

ಪಿಸು ಒಂದು ಉಸಿರಿಗೆ ಅಜ್ಜಿ, ಮರು ಉಸಿರಿಗೆ ಮೀಸೆ. ಎಡಗೈ ಸೊಂಟದ ಮೇಲೆ, ಬಲಗೈ ಇಲ್ಲದ ಮೀಸೆಯ ಮೇಲೆ. ಪೆಟ್ಟಿಗೆಯ ಇಬ್ಬರು ದುಭಾಷಿಗಳು ಸರದಿಯಂತೆ ಮಾತಾಡುವುದು ವಾಡಿಕೆ; ಇವಳ ಸರದಿ ಮುಗಿಯಿತೆಂದು ದೊಡ್ಡಮ್ಮ ಭುಜ ತಟ್ಟಿದಳು; ಪಿಸು ಭುಜ ಕೊಡವಿಕೊಂಡಳು. ಇನ್ನೊಮ್ಮೆ ತಟ್ಟಿದಾಗ ದೊಡ್ಡಮ್ಮನ ಕೈಯನ್ನೇ ಹಿಡಿದು ಪಕ್ಕಕ್ಕಿಟ್ಟಳು. ದೊಡ್ಡಮ್ಮ ತನ್ನ ವೃತ್ತಿಜೀವನದಲ್ಲೇ ಮೊದಲ ಬಾರಿ, ಮಾಡಲು ಏನೂ ಇಲ್ಲದೆ ಪೆಪ್ಪರ್‌ಮಿಂಟು ಜಗಿಯುತ್ತಾ ಕೂತಳು.

ಬಿಡುವಿನ ಗಂಟೆ ಹೊಡೆದಾಗ ಮುಖ್ಯಸ್ಥರು ಕಾರಿಡಾರಿನಲ್ಲಿ ಕಾಯುತ್ತಿದ್ದರು. ಅವರ ಮುಖದಲ್ಲಿ ನಗೆಯ ಸುಳಿವೂ ಇರಲಿಲ್ಲ.

"ನೀವು ಮಾಡಿದ್ದೇನು ಅಂತ ಗೊತ್ತಿದ್ಯಾ? ಕೇಳಿಸ್ಕೊಳ್ಳೋ ಕೆಲಸದಲ್ಲಿ ಕೇಳಿಸ್ಕೊಳ್ಳದೇ ಇದ್ದಿದ್ದು. ನಾಳೆ ಇಬ್ಬರು ಮಂತ್ರಿಗಳ ಮಧ್ಯೆ ಹೀಗೆ ಮಾಡಿದ್ರೆ? ಎಲ್ಲರೂ ಲಿಫ್ಟಜ್ಜಿ ಅಲ್ಲ."

"ಗೊತ್ತು ಸಾರ್."

"ಹೋದ ವರ್ಷದಿಂದ ದಿನಾ ಬೆಳಿಗ್ಗೆ ನನ್ನ ಎದುರಿಗೆ ಬರ್ತೀರಿ. ನಮಸ್ಕಾರ ಅನ್ನೋಕೆ ನಿಮಗೆ ಬಾಯಿ ಬಂದಿಲ್ಲ. ಐನೂರು ಜನರ ಮುಂದೆ ತಪ್ಪಾಯ್ತು ಅನ್ನೋಕೆ ಎಲ್ಲಿಂದ ಬಂತು?"

ದೊಡ್ಡಮ್ಮ ಬಾಯಿ ತೆರೆದಳು. ಮುಖ್ಯಸ್ಥರು ಕೈ ಎತ್ತಿದರು. "ನೀವಲ್ಲ. ಮೂವತ್ತು ವರ್ಷ ಕೇಳಿದ್ದೀನಿ ನಿಮ್ಮನ್ನ. ಇವರು ಹೇಳ್ಲಿ. ಕುರ್ಚಿ ಇವರಿಗೆ ಯಾಕೆ ಕೊಡಬೇಕು?"

ಪಿಸು ಗೋಡೆ ನೋಡಿದಳು, ಚಪ್ಪಲಿ ನೋಡಿದಳು. ಇಲ್ಲಿ ಎರವಲು ತರಲು ಯಾರ ಮಾತೂ ಇರಲಿಲ್ಲ.

"ನನಗೆ ಬೇಕು ಸಾರ್," ಎಂದಳು. ಬಹಳ ಸಣ್ಣಗೆ, ಆದರೆ ಪಿಸುಗುಟ್ಟದೆ. "ನಾನು ತಪ್ಪು ಮಾಡ್ತೀನಿ. ಇನ್ನೂ ಮಾಡ್ತೀನಿ ಅನ್ಸುತ್ತೆ. ಆದ್ರೆ ಮಾಡಿದ್ದನ್ನ ಅಲ್ಲೇ, ಆಗಲೇ ಹೇಳ್ತೀನಿ. ಮುಚ್ಚಿಡಲ್ಲ. ಮತ್ತೆ... ಆ ಬೆಕ್ಕಿನ ಪುಸ್ತಕಗಳು ನನಗೆ ಸಾಕಾಗಿದೆ ಸಾರ್."

ಮುಖ್ಯಸ್ಥರು ಅವಳ ಕೈಯಿಂದ ಮಧ್ಯಾಹ್ನದ ಭಾಷಣದ ಪ್ರತಿಯನ್ನು ಕಿತ್ತುಕೊಂಡು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು.

"ಇನ್ನು ಮೇಲೆ ನಿಮಗೆ ಪೇಪರ್ ಸಿಗಲ್ಲ. ಕಿವಿ ಮಾತ್ರ. ಕುರ್ಚಿ ನಿಮ್ಮದು, ಹೋಗಿ ಕೂತ್ಕೊಳ್ಳಿ." ಎರಡು ಹೆಜ್ಜೆ ಹೋದವರು ತಿರುಗಿದರು. "ಆ ಮುದುಕರಿಬ್ಬರೂ ನಾಳೆಯ ಮಾತುಕತೆಗೆ ನೀವೇ ಬೇಕು ಅಂತ ಕೂತಿದ್ದಾರೆ. ಜಗಳ ಇನ್ನೂ ಬಾಕಿ ಇದೆಯಂತೆ."

ಮಧ್ಯಾಹ್ನ ಗಾಜಿನ ಪೆಟ್ಟಿಗೆಗೆ ಬಂದಾಗ ದೊಡ್ಡಮ್ಮ ಯಾರೂ ಹೇಳದೆಯೇ ಅಂಕಿ ಬರೆದುಕೊಡುವವರ ಕುರ್ಚಿಗೆ ಸರಿದು, ಪೆನ್ಸಿಲು ಕೆತ್ತುತ್ತಾ ಕೂತಿದ್ದಳು. ಪಿಸುವಿನ ಮುಂದೆ ಬರಿಯ ಮೇಜು. ಕೈ ಇಡಲು ಒಂದು ಹಾಳೆಯೂ ಇಲ್ಲ. ಈಜು ಬಾರದೆ ಬಾವಿಗೆ ಹಾರುವವಳಂತೆ ಹೆದರಿಕೆಯಾಯಿತು. ಆ ಹೆದರಿಕೆಯಲ್ಲೇ ಕಚಗುಳಿ ಇಟ್ಟಂಥ ಖುಷಿಯೂ ಆಯಿತು.

ವೇದಿಕೆಗೆ ಆಚೆಯವರ ಕಡೆಯ ಒಬ್ಬ ಗುಂಡುಗುಂಡಾದ ಇಂಜಿನಿಯರು ಹತ್ತಿ, ಮೈಕು ತಟ್ಟಿ, ತನ್ನಷ್ಟಕ್ಕೇ ಆಗಲೇ ನಗಲು ಶುರುಮಾಡಿದ. "ಒಂದು ಲಿಫ್ಟಿನಲ್ಲಿ ಮೂರು ಜನ ಸಿಕ್ಕಿಹಾಕಿಕೊಂಡಿದ್ದರಂತೆ..."

"ಅಯ್ಯಯ್ಯೋ, ಜೋಕು ಕಣೇ!" ಎಂದು ದೊಡ್ಡಮ್ಮ ತಲೆಯ ಮೇಲೆ ಕೈ ಹೊತ್ತಳು. "ಅದೂ ಉದ್ದಂದು! ಕೊನೇಲಿ ಏನಾಗುತ್ತೋ ಏನೋ!"

ಕೊನೆಯಲ್ಲಿ ಏನಾಗುತ್ತದೋ ಪಿಸುವಿಗೂ ಗೊತ್ತಿರಲಿಲ್ಲ. ಅವಳು ಕಿವಿ ನಿಮಿರಿಸಿ ಗುಂಡಿ ಒತ್ತಿದಳು.